ಕಾಣುವ ಅಕ್ಕಿಕಾಳು, ಕಾಣದ ಹುಳು

ಕೆಲವು ದಿನಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ನಮ್ಮ ಓದುಗರೊಬ್ಬರು ಬಾಳೆಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹಿಡಿದು ಪತ್ರಿಕಾ ಕಚೇರಿಗೆ ಬಂದರು. ಬೆಳಿಗ್ಗೆ ಪೇಟೆಯಿಂದ ಕೊಂಡು ಹೋದ ಬೀಫಿನ ಒಂದು ತುಂಡು ಅದರೊಳಗಿತ್ತು. ಮಾಂಸದ ಎಳೆಗಳ ನಡುವೆ ಅಲ್ಲಲ್ಲಿ ಅಕ್ಕಿಕಾಳಿನಂಥ ಬಿಳಿಯ ಕಾಳುಗಳು. ಅಂಗಡಿಯವರನ್ನು ಕೇಳಿದರೆ "ಅದು ಕೊಬ್ಬು, ಬೇಯಿಸಿದರೆ ಕರಗುತ್ತದೆ" ಎಂದರಂತೆ. ನೆರೆಮನೆಯವರು ನೋಡಿ "ಇದು ತಲೆಗೆ ಏರುವ ಹುಳು, ಮುಟ್ಟಬೇಡಿ" ಎಂದರಂತೆ. ಮನೆಯಾಕೆ ಹೆದರಿ ಒಲೆಯ ಮೇಲಿದ್ದ ಪಾತ್ರೆಯನ್ನು ಕೆಳಗಿಳಿಸಿದರು. ಪಂಚಾಯತಿಗೆ ರಜೆ, ಮೃಗಾಸ್ಪತ್ರೆಗೆ ರಜೆ. ಭಾನುವಾರವೂ ಬಾಗಿಲು ತೆರೆದಿರುವ ಕಚೇರಿ ಪತ್ರಿಕೆಯದೊಂದೇ ಎಂದು ಅವರು ನಮ್ಮಲ್ಲಿಗೆ ಬಂದಿದ್ದರು.

ನಾವು ಮೃಗವೈದ್ಯರಲ್ಲ. ಆದುದರಿಂದ ಪೊಟ್ಟಣವನ್ನು ನಿವೃತ್ತ ಮೃಗವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ನೋಡಿ ಹೇಳಿದ್ದು ಇಷ್ಟು: ಇದು ಕೊಬ್ಬೂ ಅಲ್ಲ, ತಲೆಗೆ ಏರುವ ಹುಳುವೂ ಅಲ್ಲ. ಇದು ಎಮ್ಮೆ ಅಥವಾ ಕೋಣದ ಮಾಂಸ. ಆ ಕಾಳುಗಳು 'ಸಾರ್ಕೊಸಿಸ್ಟಿಸ್' ಎಂಬ ಪರೋಪಜೀವಿಯ ಕೋಶಗಳು. ಎಮ್ಮೆಯಿಂದ ಬೆಕ್ಕಿಗೂ ಬೆಕ್ಕಿನಿಂದ ಎಮ್ಮೆಗೂ ಸುತ್ತುವ ಜಾತಿ ಅದು. ಮನುಷ್ಯನಿಗೆ ಅದರಿಂದ ರೋಗವಿಲ್ಲ. ಆದರೂ ಇಂಥ ಮಾಂಸವನ್ನು ಮಾರಬಾರದಿತ್ತು. ಇಷ್ಟು ಹೇಳಿ ಅವರು ಒಂದು ಪ್ರಶ್ನೆ ಕೇಳಿದರು. "ಕಣ್ಣಿಗೆ ಕಂಡದ್ದಕ್ಕೆ ಹೆದರಿ ನೀವು ನನ್ನ ಬಳಿಗೆ ಬಂದಿರಿ. ಆದರೆ ಈ ಪ್ರಾಣಿಯ ದವಡೆಯನ್ನು, ಗುಂಡಿಗೆಯನ್ನು ಯಾರಾದರೂ ಕೊಯ್ದು ನೋಡಿದ್ದಾರೆಯೇ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ಇಂದಿನ ಈ ಬರಹಕ್ಕೆ ಕಾರಣ.

ಮೊದಲೇ ಒಂದು ಮಾತು. ದನದ ಮಾಂಸ ತಿನ್ನಬೇಕೆ, ತಿನ್ನಬಾರದೆ ಎಂಬುದು ಇಲ್ಲಿಯ ವಿಷಯವಲ್ಲ. ಆ ವಾದಕ್ಕೆ ಬೇರೆ ವೇದಿಕೆಗಳು ಬೇಕಾದಷ್ಟಿವೆ. ತಿನ್ನುವವರು ನಮ್ಮ ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರಿಗೆ ಶುದ್ಧವಾದ ಮಾಂಸ ಸಿಗಬೇಕು. ತಿನ್ನದವರೂ ಇದ್ದಾರೆ, ಅವರ ಹಟ್ಟಿಯಲ್ಲಿ ಹಾಲು ಕೊಡುವ ಹಸುಗಳಿವೆ. ಈ ಪರೋಪಜೀವಿಗಳ ವಿಷಯ ಎರಡೂ ಪಂಗಡಗಳಿಗೆ ಹೇಗೆ ಸಂಬಂಧಿಸಿದ್ದು ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ದನ-ಎಮ್ಮೆಗಳ ಸ್ನಾಯುವಿನಲ್ಲಿ ಮನೆ ಮಾಡುವ ಪರೋಪಜೀವಿಗಳಲ್ಲಿ ಮುಖ್ಯವಾದವು ಎರಡು. ಒಂದು, ಮನುಷ್ಯನ ಲಾಡಿಹುಳುವಿನ ಮರಿ. ಇನ್ನೊಂದು, ಈಗ ಹೇಳಿದ ಸಾರ್ಕೊಸಿಸ್ಟಿಸ್. ಇವೆರಡರ ಸ್ವಭಾವ ಬೇರೆ, ದಾರಿ ಬೇರೆ, ಪತ್ತೆ ಹಚ್ಚುವ ರೀತಿಯೂ ಬೇರೆ. ಎರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಅಂಗಡಿಯಲ್ಲಿ ಒಂದು ಮಾತು, ನೆರೆಮನೆಯಲ್ಲಿ ಇನ್ನೊಂದು ಮಾತು ಹುಟ್ಟುವುದು.

ಲಾಡಿಹುಳುವಿನ ಕಥೆಯನ್ನು ಮೊದಲು ನೋಡೋಣ. 'ಟೀನಿಯಾ ಸಾಜಿನೇಟಾ' ಎಂಬ ಈ ಹುಳು ಮನುಷ್ಯನ ಕರುಳಿನಲ್ಲಿ ಮಾತ್ರ ಬೆಳೆದು ದೊಡ್ಡದಾಗುತ್ತದೆ. ನಾಲ್ಕೈದು ಮೀಟರು ಉದ್ದವಾಗುವುದು ಸಾಮಾನ್ಯ. ಅದಕ್ಕಿಂತ ಹೆಚ್ಚು ಬೆಳೆಯುವುದೂ ಉಂಟು. ಅದರ ಮೈ ಸಾವಿರಕ್ಕೂ ಮಿಕ್ಕಿದ ತುಂಡುಗಳ ಸರ. ಮಾಗಿದ ತುಂಡುಗಳು ಒಂದೊಂದಾಗಿ ಕಳಚಿ ಮಲದೊಂದಿಗೆ ಹೊರಬೀಳುತ್ತವೆ. ಅಂಥ ಒಂದೊಂದು ತುಂಡಿನಲ್ಲಿ ಹತ್ತಾರು ಸಾವಿರ, ಕೆಲವೊಮ್ಮೆ 1 ಲಕ್ಷದಷ್ಟು ಮೊಟ್ಟೆಗಳಿರುತ್ತವೆ. ತೇವವಿರುವ ಕಡೆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಅವು ಹುಲ್ಲಿನೊಡನೆಯೋ ನೀರಿನೊಡನೆಯೋ ದನದ ಹೊಟ್ಟೆ ಸೇರಿದರೆ, ಒಡೆದು, ಕರುಳಿನ ಗೋಡೆಯನ್ನು ಕೊರೆದು, ರಕ್ತದಲ್ಲಿ ಸಾಗಿ ಸ್ನಾಯುಗಳಲ್ಲಿ ನೆಲೆಯಾಗುತ್ತವೆ. ಸುಮಾರು ಹತ್ತು ವಾರಗಳಲ್ಲಿ ಬಟಾಣಿಗಿಂತ ಚಿಕ್ಕದಾದ, ತಿಳಿನೀರು ತುಂಬಿದ ಗುಳ್ಳೆಯಾಗಿ, ಅದರೊಳಗೆ ಒಂದು ಬಿಳಿಯ ಚುಕ್ಕೆಯಾಗಿ, ಮನುಷ್ಯನಿಗೆ ಅಂಟಲು ಅದು ಸಿದ್ಧವಾಗುತ್ತದೆ. ಆ ಮಾಂಸವನ್ನು ಹಸಿಯಾಗಿಯೋ ಅರೆಬೆಂದ ಸ್ಥಿತಿಯಲ್ಲಿಯೋ ತಿಂದವನ ಕರುಳಿನಲ್ಲಿ ಆ ಚುಕ್ಕೆ ಎರಡು ಮೂರು ತಿಂಗಳಲ್ಲಿ ಮತ್ತೊಂದು ಲಾಡಿಹುಳುವಾಗುತ್ತದೆ.

ಈ ಸಂಬಂಧವನ್ನು ಲೋಕ ಅರಿತು ಒಂದೂವರೆ ಶತಮಾನವಾಯಿತು. 1861ರಲ್ಲಿ ಜರ್ಮನಿಯ ಲೂಕಾರ್ಟ್ ಎಂಬ ವಿಜ್ಞಾನಿ ಲಾಡಿಹುಳುವಿನ ತುಂಡುಗಳನ್ನು ಕರುವಿಗೆ ತಿನ್ನಿಸಿ ಅದರ ಮಾಂಸದಲ್ಲಿ ಗುಳ್ಳೆಗಳನ್ನು ಕಂಡನು. ಮರುದಾರಿಯನ್ನು, ಎಂದರೆ ದನದ ಗುಳ್ಳೆಯಿಂದ ಮನುಷ್ಯನಲ್ಲಿ ಹುಳುವಾಗುವುದನ್ನು, ತೋರಿಸಿಕೊಟ್ಟದ್ದು ನಮ್ಮ ದೇಶದಲ್ಲೇ. 1870ರ ಹೊತ್ತಿಗೆ ಪಂಜಾಬಿನ ಜಲಂಧರದಲ್ಲಿ ಆಲಿವರ್ ಎಂಬ ಬ್ರಿಟಿಷ್ ವೈದ್ಯನು ಇದನ್ನು ಪ್ರಯೋಗದಿಂದ ಸಿದ್ಧಪಡಿಸಿದನು. 1872ರಲ್ಲಿ ಕಲ್ಕತ್ತೆಯ ತಿಮೊಥಿ ಲೂಯಿಸ್ ದನ ಮತ್ತು ಹಂದಿಯ ಮಾಂಸದ ಗುಳ್ಳೆಹುಳುಗಳ ಮೇಲೆ ವರದಿ ಬರೆದು, ಎಷ್ಟು ಶಾಖಕ್ಕೆ ಅವು ಸಾಯುತ್ತವೆ ಎಂಬುದನ್ನೂ ಪರೀಕ್ಷಿಸಿದನು. ಈ ಜ್ಞಾನ ನಮ್ಮ ನೆಲದಲ್ಲೇ ಹುಟ್ಟಿದ್ದು. ಇಷ್ಟು ಹಳೆಯ ತಿಳಿವಳಿಕೆ ನಮ್ಮ ಪೇಟೆಯ ಕಡಿಯುವ ಕಟ್ಟೆಯವರೆಗೆ ಇನ್ನೂ ನಡೆದು ಬಂದಿಲ್ಲ ಎಂಬುದೇ ಖೇದದ ವಿಷಯ.

ನೆರೆಮನೆಯವರ ಭಯಕ್ಕೆ ಇಲ್ಲಿಯೇ ಉತ್ತರ ಹೇಳುವುದು ಒಳ್ಳೆಯದು. ಮೆದುಳಿಗೆ ಏರಿ ಅಪಸ್ಮಾರ ತರುವುದು ಹಂದಿಯ ಲಾಡಿಹುಳುವಿನ ಮೊಟ್ಟೆ. ದನದ ಲಾಡಿಹುಳು ಆ ಕೆಲಸ ಮಾಡುವುದಿಲ್ಲ, ಕರುಳಿನಲ್ಲೇ ಇರುತ್ತದೆ. ಹೊಟ್ಟೆನೋವು, ಹಸಿವಿನ ಏರುಪೇರು, ಒಳಉಡುಪಿನಲ್ಲಿ ಹರಿದಾಡುವ ಬಿಳಿಯ ತುಂಡು ಕಂಡಾಗಿನ ಅಸಹ್ಯ, ಇವು ಅದರ ಉಪದ್ರವ. ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೊಸಮೈಡ್ ಎಂಬ ಮದ್ದಿನಿಂದ, ಅದೂ ಸಾಮಾನ್ಯವಾಗಿ ಒಂದೇ ಬಾರಿಯ ಸೇವನೆಯಿಂದ, ಹುಳು ಹೋಗುತ್ತದೆ. ಆದರೆ ನಾಚಿಕೆಯಿಂದ ವೈದ್ಯರಿಗೆ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವವರಿದ್ದಾರೆ. ಅಂಥ ಒಬ್ಬನೇ ಒಬ್ಬ ಹಟ್ಟಿಯ ಆಸುಪಾಸಿನಲ್ಲಿ ಬಯಲಿಗೆ ಹೋಗುವವನಾದರೆ ಆ ಹಟ್ಟಿಯ ದನಗಳೆಲ್ಲವೂ ಗುಳ್ಳೆ ತುಂಬಿಕೊಳ್ಳಬಹುದು. ದನ ರೋಗಿಯಾಗುವುದು ಮನುಷ್ಯನಿಂದ. ಈ ಮಾತನ್ನು ನಾವು ಮರೆಯಬಾರದು.

ಇನ್ನು ಪತ್ತೆಯ ಮಾತು. ಗುಳ್ಳೆಗಳು ಹೆಚ್ಚಾಗಿ ಸೇರುವ ಜಾಗಗಳು ಕಸಾಯಿಖಾನೆಯ ಪರೀಕ್ಷಕರಿಗೆ ಗೊತ್ತಿವೆ: ಅಗಿಯುವ ದವಡೆಯ ಸ್ನಾಯು, ನಾಲಗೆ, ಗುಂಡಿಗೆ, ಎದೆಗೂ ಹೊಟ್ಟೆಗೂ ನಡುವಿನ ವಪೆ, ಭುಜದ ಮಾಂಸ. ಪ್ರಪಂಚದ ಹೆಚ್ಚಿನ ದೇಶಗಳಲ್ಲಿ ಮಾಂಸ ಪರೀಕ್ಷಕನು ದವಡೆಯ ಸ್ನಾಯುವನ್ನು ಪದರ ಪದರವಾಗಿ ಕೊಯ್ದು ನೋಡುತ್ತಾನೆ. ಗುಂಡಿಗೆಯನ್ನು ಸೀಳಿ ನೋಡುತ್ತಾನೆ. ಮೈಯೆಲ್ಲ ಗುಳ್ಳೆಯಿದ್ದರೆ ಇಡೀ ಮಾಂಸವನ್ನು ತಿರಸ್ಕರಿಸುತ್ತಾರೆ. ಒಂದೆರಡು ಕಡೆ ಮಾತ್ರ ಇದ್ದರೆ ಆ ಭಾಗವನ್ನು ತೆಗೆದು, ಉಳಿದದ್ದನ್ನು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಶೀತದಲ್ಲಿ 10 ದಿನ ಇಟ್ಟು, ಹುಳು ಸತ್ತ ಮೇಲೆ ಬಿಡುತ್ತಾರೆ.

ಇಷ್ಟಾದರೂ ಸಾಕೇ? ಸಾಲದು ಎಂಬುದಕ್ಕೆ ಬೆಲ್ಜಿಯಂ ದೇಶದ ಒಂದು ಅನುಭವ ಸಾಕ್ಷಿ. ಅಲ್ಲಿ ಕಸಾಯಿಖಾನೆಗಳು ಅಚ್ಚುಕಟ್ಟು, ಪರೀಕ್ಷಕರು ತರಬೇತಿ ಪಡೆದವರು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1,164 ದನಗಳ ರಕ್ತವನ್ನು ಪರೀಕ್ಷಿಸಿದರು. ಜೀವಂತ ಗುಳ್ಳೆಗಳು ರಕ್ತಕ್ಕೆ ಬಿಡುವ ಅಂಶವನ್ನು ಗುರುತಿಸುವ ಪರೀಕ್ಷೆ ಅದು. ನೂರಕ್ಕೆ ಮೂರರಷ್ಟು, ಎಂದರೆ 36 ದನಗಳಲ್ಲಿ ಹುಳುವಿನ ಗುರುತು ಸಿಕ್ಕಿತು. ಕತ್ತಿ ಹಿಡಿದು ಕಣ್ಣಿಂದ ನೋಡುವ ವಾಡಿಕೆಯ ಪರೀಕ್ಷೆಯಲ್ಲಿ ಆ ದೇಶದಲ್ಲಿ ಸಿಗುತ್ತಿದ್ದುದು ನೂರಕ್ಕೆ 0.26 ಮಾತ್ರ. ಅಂದರೆ ಕಣ್ಣು ಒಂದನ್ನು ಹಿಡಿದಲ್ಲಿ ರಕ್ತ ಹತ್ತಕ್ಕೂ ಹೆಚ್ಚನ್ನು ಹೇಳಿತು. ಹತ್ತಾರು ಕಿಲೋ ಮಾಂಸದಲ್ಲಿ ಮೂರೋ ನಾಲ್ಕೋ ಗುಳ್ಳೆಗಳು ಅಡಗಿದ್ದರೆ, ನಾಲ್ಕು ಕೊಯ್ತದಲ್ಲಿ ಅವು ಸಿಕ್ಕುವುದು ಅದೃಷ್ಟದ ಮಾತು.

ಕೊಯ್ದು ನೋಡುವ ನಾಡಿನ ಗತಿಯೇ ಹೀಗಾದರೆ, ಕೊಯ್ದೇ ನೋಡದ ನಮ್ಮ ಗತಿಯೇನು? ರೋಗ ಕಂಡಿಲ್ಲ ಎಂದು ಪುಸ್ತಕದಲ್ಲಿ ಸೊನ್ನೆ ಬರೆಯುವುದು ಸುಲಭ. ನೋಡದವನ ಸೊನ್ನೆಗೂ ನೋಡಿದವನ ಸೊನ್ನೆಗೂ ಅಜಗಜಾಂತರವಿದೆ.

ಕೊಂಡವರೇ ಜಾಗ್ರತೆ ವಹಿಸಲಿ ಎನ್ನುವವರಿದ್ದಾರೆ. ಅದು ಆಗದ ಮಾತು. ಅಂಗಡಿಗೆ ಬರುವಾಗ ದನದ ತಲೆ ಒಂದು ಕಡೆ, ಗುಂಡಿಗೆ ಇನ್ನೊಂದು ಕಡೆ, ನಾಲಗೆ ಮತ್ತೊಬ್ಬರ ಪಾಲು. ಕೊಳ್ಳುವವನ ಚೀಲಕ್ಕೆ ಬೀಳುವುದು ಎಲುಬು ತೆಗೆದು ಕೊಚ್ಚಿದ ತುಂಡು. ಅದು ಯಾವ ಪ್ರಾಣಿಯದು, ದನವೋ ಎತ್ತೋ ಕೋಣವೋ ಎಂಬುದೇ ಅವನಿಗೆ ತಿಳಿಯದು. 'ಬೀಫ್' ಎಂಬ ಒಂದೇ ಹೆಸರಿನಲ್ಲಿ ಎಲ್ಲವೂ ತಕ್ಕಡಿಗೆ ಏರುತ್ತದೆ. ಪರೀಕ್ಷೆಯಾಗಬೇಕಾದ್ದು ಪ್ರಾಣಿ ಇಡಿಯಾಗಿರುವಾಗ, ತಕ್ಕಡಿಗೆ ಬಂದ ಮೇಲಲ್ಲ.

ಈಗ ಸಾರ್ಕೊಸಿಸ್ಟಿಸಿನ ಮಾತಿಗೆ ಬರೋಣ. ಇದು ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. 1843ರಲ್ಲಿ ಸ್ವಿಟ್ಜರ್ಲೆಂಡಿನ ಮೀಷರ್ ಇದನ್ನು ಇಲಿಯ ಸ್ನಾಯುವಿನಲ್ಲಿ ಮೊದಲು ಕಂಡನು. ಆದರೆ ಇದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿಯೇ ಉಳಿಯಿತು. 1972ರಲ್ಲಿ ಜರ್ಮನಿಯ ವಿಜ್ಞಾನಿಗಳು ಆ ಒಗಟನ್ನು ಬಿಡಿಸಿದರು. ಒಂದು ಪ್ರಾಣಿಯ ಮಾಂಸದಲ್ಲಿರುವ ಕೋಶವನ್ನು ಇನ್ನೊಂದು ಪ್ರಾಣಿ ತಿನ್ನಬೇಕು. ತಿಂದ ಪ್ರಾಣಿಯ ಕರುಳಿನಲ್ಲಿ ಅದು ಬೀಜ ಕಟ್ಟಿ ಮಲದೊಡನೆ ಹೊರಬೀಳಬೇಕು. ಆ ಮಲ ತಾಗಿದ ಹುಲ್ಲನ್ನು ಮೊದಲಿನ ಜಾತಿಯ ಪ್ರಾಣಿ ಮತ್ತೆ ಮೇಯಬೇಕು. ಎರಡು ಮನೆಗಳ ನಡುವಿನ ಸಂಸಾರ ಇದು. ಈ ವಿಷಯದ ಮೇಲೆ ಜೀವಮಾನವಿಡೀ ದುಡಿದವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೆ. ಪಿ. ದುಬೆಯವರೂ ಒಬ್ಬರು. 1989ರಲ್ಲಿ ಅವರು ಸಹೋದ್ಯೋಗಿಗಳೊಡನೆ ಹೊರತಂದ ಗ್ರಂಥ ಇಂದಿಗೂ ಈ ಶಾಸ್ತ್ರದ ಆಧಾರಗ್ರಂಥಗಳಲ್ಲೊಂದು.

ದನದಲ್ಲಿ ಬಹುಕಾಲದಿಂದ ಗುರುತಿಸಲಾದ ಸಾರ್ಕೊಸಿಸ್ಟಿಸ್ ಜಾತಿಗಳು ಮೂರು. ಒಂದರ ಎರಡನೆಯ ಮನೆ ನಾಯಿ, ಇನ್ನೊಂದರದು ಬೆಕ್ಕು, ಮೂರನೆಯದರದು ಮನುಷ್ಯ. ಈ ಮೂರರಲ್ಲಿ ಲೋಕದೆಲ್ಲೆಡೆ ಅತಿ ಹೆಚ್ಚಾಗಿ ಕಾಣುವುದೂ, ದನಕ್ಕೆ ಅತಿ ಹೆಚ್ಚು ಕೇಡು ಮಾಡುವುದೂ ನಾಯಿಯಿಂದ ಬರುವ 'ಸಾರ್ಕೊಸಿಸ್ಟಿಸ್ ಕ್ರೂಜಿ'. ಸೂಕ್ಷ್ಮದರ್ಶಕ ಹಿಡಿದು ಹುಡುಕಿದ ಅನೇಕ ದೇಶಗಳಲ್ಲಿ ಬೆಳೆದ ದನಗಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಇಂಥ ಕೋಶಗಳು ಸಿಕ್ಕಿವೆ. ಬರಿಗಣ್ಣಿಗೆ ಮಾತ್ರ ಅದು ಕಾಣದು. ನಮ್ಮ ಓದುಗರು ಹೆದರಿದ ಅಕ್ಕಿಕಾಳು ಎಮ್ಮೆಯ ಜಾತಿಯದು. ಅದಕ್ಕೆ ದಪ್ಪ ಕೋಶ, ಆದುದರಿಂದ ಕಣ್ಣಿಗೆ ಬಿತ್ತು. ದನದ ಗುಂಡಿಗೆಯಲ್ಲಿ ಕುಳಿತಿರುವುದು ಕಾಣದೆ ಅಂಗಡಿಯನ್ನು ದಾಟಿ ಹೋಗುತ್ತದೆ.

ಕಾಣದ್ದನ್ನು ಕಾಣಿಸಿಕೊಳ್ಳಲು ಉಪಾಯಗಳಿವೆ. ಸಣ್ಣ ಮಾಂಸದ ಚೂರನ್ನು ಎರಡು ಗಾಜುಗಳ ನಡುವೆ ಅದುಮಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಸುಲಭವಾದ ದಾರಿ. ಅದಕ್ಕಿಂತ ನಂಬಿಕೆಯದು, ಮಾಂಸವನ್ನು ಅರೆದು, ನಮ್ಮ ಜಠರದಲ್ಲಿ ನಡೆಯುವಂತೆಯೇ ಪೆಪ್ಸಿನ್ ಮತ್ತು ಆಮ್ಲದಲ್ಲಿ ಮೈಬಿಸಿಯ ಶಾಖದಲ್ಲಿ ಕರಗಿಸುವುದು. ಸ್ನಾಯು ಕರಗಿ ಹೋದರೂ ಈ ಜೀವಿಗಳು ಉಳಿಯುತ್ತವೆ. ಬಾಳೆಹಣ್ಣಿನ ಆಕಾರದಲ್ಲಿ ಗಾಜಿನಡಿ ಕಾಣುತ್ತವೆ. ಯಾವ ಜಾತಿಯದು ಎಂದು ತಿಳಿಯಬೇಕಾದರೆ ಪಿಸಿಆರ್ ಪರೀಕ್ಷೆ. ಒಂದು ಸೂಕ್ಷ್ಮದರ್ಶಕ, ಸ್ವಲ್ಪ ಪೆಪ್ಸಿನ್, ಒಂದು ಬಿಸಿಪೆಟ್ಟಿಗೆ ಇದ್ದರೆ ಮೊದಲಿನ ಎರಡು ಪರೀಕ್ಷೆಗಳನ್ನು ಯಾವ ಸಣ್ಣ ಪ್ರಯೋಗಾಲಯವೂ ನಡೆಸಬಹುದು.

ಮನುಷ್ಯನ ಪಾಲಿನ ಜಾತಿಯಿಂದ ಬರುವ ತೊಂದರೆ ದೊಡ್ಡದೇನಲ್ಲ. ಹಸಿ ಅಥವಾ ಅರೆಬೆಂದ ಮಾಂಸ ತಿಂದವರಿಗೆ ಓಕರಿಕೆ, ಹೊಟ್ಟೆನೋವು, ಭೇದಿ ಆಗಬಹುದು. ಹೆಚ್ಚಾಗಿ ತಾನಾಗಿ ವಾಸಿಯಾಗುತ್ತದೆ. ಹಾಗಾದರೆ ನಾಯಿಯ ಜಾತಿಯ ವಿಚಾರದಲ್ಲಿ ನಾವು ಇಷ್ಟು ಬರೆಯುವುದೇಕೆ? ಏಕೆಂದರೆ ಅದು ಹೊಡೆಯುವುದು ದನವನ್ನು, ತಿನ್ನದವನ ಹಟ್ಟಿಯ ದನವನ್ನೂ.

ಕಡಿಯುವ ಕಡೆಯಲ್ಲಿ ಏನಾಗುತ್ತದೆ ಎಂಬುದನ್ನು ನಾವು ನೀವು ದಿನಾಲೂ ನೋಡುವವರೇ. ಬೆಳಗಿನ ಜಾವ ಕೆಲಸ ಮುಗಿದ ಮೇಲೆ ಬೇಡವಾದ ಭಾಗಗಳು ಗೋಣಿಚೀಲದಲ್ಲಿ ತುಂಬಿ ತೋಡಿನ ಬದಿಗೆ, ಗುಡ್ಡೆಯ ಇಳಿಜಾರಿಗೆ, ಹೆದ್ದಾರಿಯ ಅಂಚಿಗೆ ಬೀಳುತ್ತವೆ. ಚೀಲ ಬೀಳುವ ಮೊದಲೇ ನಾಯಿಗಳ ಹಿಂಡು ಕಾದಿರುತ್ತದೆ. ಹಸಿ ಮಾಂಸ ತಿಂದ ನಾಯಿ ವಾರ ಹತ್ತು ದಿನಗಳಲ್ಲಿ ಮಲದೊಡನೆ ರೋಗದ ಬೀಜ ಬಿಡತೊಡಗಿ, ವಾರಗಟ್ಟಲೆ ಬಿಡುತ್ತಲೇ ಇರುತ್ತದೆ. ಒಮ್ಮೆ ಅಂಟಿದರೆ ಮತ್ತೆ ಅಂಟದು ಎಂಬ ರಕ್ಷಣೆಯೂ ನಾಯಿಗೆ ಬರುವುದಿಲ್ಲ; ಮತ್ತೆ ತಿಂದರೆ ಮತ್ತೆ ಬಿಡುತ್ತದೆ. ಅದೇ ರಸ್ತೆಬದಿಯ, ಅದೇ ತೋಡಿನ ದಂಡೆಯ ಹಸಿಹುಲ್ಲನ್ನು ಮರುದಿನ ಒಬ್ಬ ತಾಯಿ ಕೊಯ್ದು ಹೊರೆಕಟ್ಟಿ ತನ್ನ ಹಸುವಿಗೆ ಹಾಕುತ್ತಾಳೆ.

ಅಲ್ಪ ಪ್ರಮಾಣದಲ್ಲಿ ಬೀಜ ಹೊಟ್ಟೆ ಸೇರಿದರೆ ಹಸು ಹೊರಗೆ ಏನನ್ನೂ ತೋರಿಸುವುದಿಲ್ಲ. ಹೆಚ್ಚು ಸೇರಿದರೆ ಜ್ವರ, ಮೇವು ಬಿಡುವುದು, ರಕ್ತಹೀನತೆ, ಹಾಲು ಇಳಿಯುವುದು, ಸೊರಗುವುದು, ಬಾಲದ ತುದಿಯ ಕೂದಲು ಉದುರುವುದು, ಗಬ್ಬದ ಹಸುವಾದರೆ ಕಂದು ಹಾಕುವುದು. ಕೆನಡಾ ದೇಶದ ಡಾಲ್ಮೆನಿ ಎಂಬಲ್ಲಿ 1961ರಲ್ಲಿ ದನದ ಮಂದೆಯೊಂದು ಹೀಗೆಯೇ ಹಾಳಾಗಿ, ಕಾರಣ ತಿಳಿಯದೆ ಆ ರೋಗಕ್ಕೆ ಊರಿನ ಹೆಸರನ್ನೇ ಇಟ್ಟರು. ಅದು ಸಾರ್ಕೊಸಿಸ್ಟಿಸ್ ಎಂದು ಗೊತ್ತಾದದ್ದು ಆಮೇಲೆ. ನಮ್ಮ ಹಟ್ಟಿಗಳಲ್ಲಿ ಕಂದು ಹಾಕಿದ ಹಸುವಿಗೆ ದೃಷ್ಟಿ ತಾಗಿತೆಂದೋ ನೀರು ಬದಲಾಯಿತೆಂದೋ ಹೇಳಿ ಸುಮ್ಮನಾಗುತ್ತೇವೆ. ನಾಲ್ಕು ಲೀಟರ್ ಹಾಲನ್ನು ಸೊಸೈಟಿಗೆ ಅಳೆದು ಮಕ್ಕಳ ಶಾಲೆಯ ಖರ್ಚು ನೋಡುವ ಮನೆಗೆ ಹೋದ ಆ ಕರುವಿನ ಲೆಕ್ಕ ಯಾವ ಕಚೇರಿಯ ಕಡತದಲ್ಲೂ ಇಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಲಾಡಿಹುಳುವಿಗೆ ಕಾರಣ ಮನುಷ್ಯನ ಮಲ. ನಾಯಿಯ ಸಾರ್ಕೊಸಿಸ್ಟಿಸಿಗೆ ಕಾರಣ ಮನುಷ್ಯ ಎಸೆದ ಮಾಂಸ. ಎರಡರಲ್ಲೂ ದನ ನಿರಪರಾಧಿ. ಕೇರಳ ರಾಜ್ಯದ ಗ್ರಾಮಗಳು ಬಯಲು ಶೌಚದಿಂದ ಮುಕ್ತವಾದುವೆಂದು 2016ರ ನವೆಂಬರಿನಲ್ಲಿ ಘೋಷಿಸಲಾಯಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ಹೊಂಡ ತುಂಬಿದ ಮೇಲೆ ಅದನ್ನು ಹೀರಿಕೊಂಡು ಹೋಗುವ ಟ್ಯಾಂಕರು ರಾತ್ರಿ ಎಲ್ಲಿ ಖಾಲಿಯಾಗುತ್ತದೆ ಎಂದು ಕೇಳುವವರಾರು? ಗದ್ದೆಗೋ ಹೊಳೆಗೋ ಸುರಿದದ್ದೇ ಆದರೆ, ಬಯಲಿಗೆ ಹೋಗುತ್ತಿದ್ದ ಹತ್ತು ಮಂದಿಯ ಕೆಲಸವನ್ನು ಆ ಒಂದು ಟ್ಯಾಂಕರು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸುತ್ತದೆ.

ಕಾನೂನು ಇಲ್ಲವೆಂದಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಡಿ 2001ರಲ್ಲಿ ಬಂದ ಕಸಾಯಿಖಾನೆ ನಿಯಮಗಳು, ಕಡಿಯುವ ಮೊದಲು ಮೃಗವೈದ್ಯರು ಪ್ರತಿ ಪ್ರಾಣಿಯನ್ನೂ ನೋಡಬೇಕೆಂದೂ, ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96 ಪ್ರಾಣಿಗಳಿಗಿಂತ ಹೆಚ್ಚು ನೋಡಬಾರದೆಂದೂ ಹೇಳುತ್ತವೆ. ಅಂದರೆ ಒಂದು ಪ್ರಾಣಿಗೆ ಐದು ನಿಮಿಷ. 2006ರ ಆಹಾರ ಸುರಕ್ಷಾ ಕಾಯಿದೆಯಡಿ 2011ರಲ್ಲಿ ಬಂದ ನಿಯಮಗಳು ಕಡಿಯುವ ಮೊದಲೂ ಕಡಿದ ಮೇಲೂ ಪರೀಕ್ಷೆ ಬೇಕೆನ್ನುತ್ತವೆ. ಕಸಾಯಿಖಾನೆ ಮತ್ತು ಮಾಂಸದಂಗಡಿಗಳ ಬಗ್ಗೆ ಕೇರಳದ ಪಂಚಾಯತು ನಿಯಮಗಳು 1996ರಿಂದಲೇ ಇವೆ. ಕಾಗದದ ಮೇಲೆ ಕಡಿಯುವ ಕತ್ತಿಗಿಂತ ಹರಿತವಾದ ಕಾನೂನು. ಆದರೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಸುಕಿಗೆ ಕಡಿಯುವುದು ನಡೆಯುತ್ತಿದ್ದರೆ, ಯಾವ ವೈದ್ಯರು ಯಾವ ಐದು ನಿಮಿಷ ಅಲ್ಲಿರಲು ಸಾಧ್ಯ?

ಕಡಿಯುವವರನ್ನೇ ದೂರಿ ಪ್ರಯೋಜನವಿಲ್ಲ. ತಲೆತಲಾಂತರದಿಂದ ಆ ಕಸುಬು ಮಾಡಿ ಹೊಟ್ಟೆ ಹೊರೆಯುವವರು ಅವರು. ಸರಿಯಾದ ಕಟ್ಟೆ, ನೀರು, ಬೆಳಕು, ತ್ಯಾಜ್ಯಕ್ಕೊಂದು ಜಾಗ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು? ಗುಳ್ಳೆ ಕಂಡ ಮಾಂಸವನ್ನು ತಾವಾಗಿ ಎಸೆದರೆ ನಷ್ಟ ಅವರೊಬ್ಬರದೇ. ನಷ್ಟದ ಒಂದು ಪಾಲನ್ನಾದರೂ ತುಂಬಿಕೊಡುವ ವ್ಯವಸ್ಥೆಯಿಲ್ಲದೆ ಪ್ರಾಮಾಣಿಕತೆಯನ್ನು ಮಾತ್ರ ಬೇಡುವುದು ನ್ಯಾಯವಲ್ಲ.

ನಮ್ಮ ಸಲಹೆಗಳು ಆಕಾಶಕ್ಕೆ ಏಣಿ ಹಾಕುವಂಥವಲ್ಲ. ಪ್ರತಿ ಪಂಚಾಯತಿಗೊಂದು ದೊಡ್ಡ ಯಂತ್ರಾಗಾರ ಬೇಕೆಂದು ನಾವು ಕೇಳುತ್ತಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಪಂಚಾಯತುಗಳು ಸೇರಿ ಒಂದು ಕಡಿಯುವ ಕಟ್ಟೆ ಕಟ್ಟಲಿ. ಅಲ್ಲಿ ನಿಗದಿತ ಹೊತ್ತಿಗೆ ಮೃಗವೈದ್ಯರು ಬರಲಿ. ದವಡೆ, ನಾಲಗೆ, ಗುಂಡಿಗೆ, ವಪೆ ಇವಿಷ್ಟನ್ನು ಕೊಯ್ದು ನೋಡಿದ ಮೇಲೆ ಮುದ್ರೆ ಬೀಳಲಿ. ಮುದ್ರೆಯಿಲ್ಲದ ಮಾಂಸ ಅಂಗಡಿಯಲ್ಲಿ ತೂಗಾಡದಿರಲಿ. ನೋಡಿದ್ದನ್ನೂ ಸಿಕ್ಕಿದ್ದನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ.

ಎರಡನೆಯದು, ಕಿವಿಯ ಬಿಲ್ಲೆ. ಕಾಲುಬಾಯಿ ರೋಗದ ಲಸಿಕೆ ಹಾಕುವಾಗ ದನಗಳ ಕಿವಿಗೆ 12 ಅಂಕೆಗಳ ಬಿಲ್ಲೆ ಹಾಕುವ ಕೇಂದ್ರ ಸರಕಾರದ ಯೋಜನೆಯನ್ನು ನಮ್ಮ ಹೈನುಗಾರರು ಬಲ್ಲರು. ಕಡಿಯಲು ತಂದ ಪ್ರಾಣಿಯ ಆ ಅಂಕೆಯನ್ನು ಪುಸ್ತಕಕ್ಕೆ ಬರೆದುಕೊಂಡರೆ, ಗುಳ್ಳೆ ಕಂಡಾಗ ಅದು ಯಾವ ಊರಿನ ಹಟ್ಟಿಯಿಂದ ಬಂತೆಂದು ತಿಳಿಯಬಹುದು. ಗಡಿಯಾಚೆಯ ಸಂತೆಗಳಿಂದ ಕೈಯಿಂದ ಕೈಗೆ ದಾಟಿ ಬರುವ ಪ್ರಾಣಿಗಳ ಮಟ್ಟಿಗೆ ಇದಕ್ಕಿಂತ ಬೇರೆ ಗುರುತಿಲ್ಲ. ಬಿಲ್ಲೆ ಕೊಯ್ದು ಎಸೆಯುವ ಬದಲು ಓದುವ ಅಭ್ಯಾಸ ಬರಲಿ.

ಮೂರನೆಯದು, ತ್ಯಾಜ್ಯ. ಕೋಳಿಯ ತ್ಯಾಜ್ಯವನ್ನು ಬೇಯಿಸಿ ಹಿಂಡಿ ಮಾಡುವ ಘಟಕಗಳು ಈ ರಾಜ್ಯದಲ್ಲಿ ಬಂದಿವೆ. ದನದ ತ್ಯಾಜ್ಯಕ್ಕೂ ಅದೇ ಕಟ್ಟುನಿಟ್ಟು ಬರಲಿ. ಅದಾಗುವವರೆಗೆ ಕನಿಷ್ಠ ಆಳದ ಹೊಂಡ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದಂತೆ ಮುಚ್ಚಲಿ. ಬೀದಿನಾಯಿಯ ಕಾಟದ ಬಗ್ಗೆ ಪ್ರತಿ ಗ್ರಾಮಸಭೆಯಲ್ಲೂ ಕೂಗು ಕೇಳುತ್ತೇವೆ. ಆ ನಾಯಿಗಳಿಗೆ ಅನ್ನ ಹಾಕುವವರು ನಾವೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾಲ್ಕನೆಯದು, ಸಮೀಕ್ಷೆ. ಮಣ್ಣುತ್ತಿಯಲ್ಲೂ ವಯನಾಡಿನ ಪೂಕೋಡಿನಲ್ಲೂ ಮೃಗವೈದ್ಯ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಒಂದು ವರ್ಷ ನಮ್ಮ ಜಿಲ್ಲೆಯ ಕಡಿಯುವ ಕಡೆಗಳಿಂದ ಗುಂಡಿಗೆ ಮತ್ತು ವಪೆಯ ಚೂರುಗಳನ್ನು ಒಯ್ದು ಪೆಪ್ಸಿನ್ನಿನಲ್ಲಿ ಕರಗಿಸಿ ನೋಡಲಿ. ಜಿಲ್ಲಾ ಪಂಚಾಯತಿಗೆ ಇದು ದೊಡ್ಡ ಖರ್ಚಲ್ಲ. ನೂರಕ್ಕೆ ಎಷ್ಟು ಎಂಬ ಒಂದು ಅಂಕೆ ಕೈಯಲ್ಲಿದ್ದರೆ ಮುಂದಿನ ಮಾತಿಗೆ ನೆಲೆ ಸಿಗುತ್ತದೆ.

ಇನ್ನೊಂದು ಮಾತನ್ನು ಈ ಪತ್ರಿಕೆ ಹೇಳದಿದ್ದರೆ ಬೇರೆ ಯಾರೂ ಹೇಳಲಾರರು. ಮಾಂಸ, ಶುಚಿತ್ವ, ಹುಳುವಿನ ಮದ್ದು ಇವುಗಳ ಬಗ್ಗೆ ಅಂಟಿಸುವ ಫಲಕಗಳು ಕನ್ನಡದಲ್ಲೂ ಇರಲಿ. ಕಾಯಿಲೆ ಭಾಷೆ ಕೇಳಿ ಬರುವುದಿಲ್ಲ; ಆದರೆ ಎಚ್ಚರಿಕೆ ಓದುವವನ ಭಾಷೆಯಲ್ಲಿ ಇರದಿದ್ದರೆ ಅದು ಗೋಡೆಯ ಅಲಂಕಾರವಷ್ಟೆ.

ಸರಕಾರ ಮಾಡುವವರೆಗೆ ಮನೆಯಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ. ಒಲೆ ದೊಡ್ಡ ಪರೀಕ್ಷಕ. ಮಾಂಸದ ನಡುಭಾಗದವರೆಗೆ 60 ಡಿಗ್ರಿ ಶಾಖ ತಲುಪಿದರೆ ಲಾಡಿಹುಳುವಿನ ಗುಳ್ಳೆ ಉಳಿಯದು. ಸಾರ್ಕೊಸಿಸ್ಟಿಸ್ ಕೋಶವುಳ್ಳ ಹಂದಿಮಾಂಸದ ಮೇಲೆ ನಮ್ಮ ದೇಶದಲ್ಲೇ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 60 ಡಿಗ್ರಿಯಲ್ಲಿ 20 ನಿಮಿಷ, 70 ಡಿಗ್ರಿಯಲ್ಲಿ 15 ನಿಮಿಷ, ಕುದಿಯುವ ಶಾಖದಲ್ಲಿ 5 ನಿಮಿಷ ಬೆಂದರೆ ರೋಗಾಣು ಸಾಯುವುದೆಂದು ಕಂಡಿತು. ನಮ್ಮ ಅಮ್ಮಂದಿರು ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ತೆಂಗಿನಕಾಯಿಯ ಹೋಳಿನೊಡನೆ ಹುರಿದು ಇಡುವ ರೀತಿಯಲ್ಲಿ ಯಾವ ಹುಳುವೂ ಬದುಕಲಾರದು. ಭಯವಿರುವುದು ಹೊರಗೆ ಕರಿದು ಒಳಗೆ ಕೆಂಪಾಗಿ ಉಳಿಯುವ ಕೆಂಡದ ಮೇಲಿನ ಹೊಸ ತಿನಿಸುಗಳಲ್ಲಿ. ಇಥಿಯೋಪಿಯಾ ದೇಶದಲ್ಲಿ ಹಸಿ ಮಾಂಸ ತಿನ್ನುವ ರೂಢಿಯಿದೆ; ಅದರಿಂದ ಬರುವ ಲಾಡಿಹುಳುವಿಗೆ ಕೊಸ್ಸೊ ಎಂಬ ಮರದ ಹೂವನ್ನು ಮದ್ದಾಗಿ ಕುಡಿಯುವ ರೂಢಿಯೂ ಜೊತೆಯಲ್ಲೇ ಬೆಳೆದು ಬಂದಿದೆ. ನಾವು ಹೊಸ ರುಚಿಯನ್ನು ಮಾತ್ರ ತರಿಸಿಕೊಂಡಿದ್ದೇವೆ. ಹಸಿ ಮಾಂಸದ ಚೂರನ್ನು ನಾಯಿಗೋ ಬೆಕ್ಕಿಗೋ ಎಸೆಯುವುದನ್ನು ಬಿಡೋಣ. ಹುಲ್ಲನ್ನು ನಾಯಿಗಳ ಬೀಡಿನಿಂದ ದೂರ ಕೊಯ್ಯೋಣ. ಹುಳುವಿನ ತುಂಡು ಕಂಡವರು ನಾಚಿಕೆ ಬಿಟ್ಟು ವೈದ್ಯರ ಬಳಿಗೆ ಹೋಗಲಿ. ಅವರು ನುಂಗುವ ಒಂದು ಮಾತ್ರೆ ಊರಿನ ಹತ್ತು ದನಗಳನ್ನು ಉಳಿಸೀತು.

ಪೊಟ್ಟಣ ತಂದ ಓದುಗರಿಗೆ ನಾವು ಕೊನೆಗೆ ಹೇಳಿದ್ದು ಇಷ್ಟೇ: ಆ ತುಂಡನ್ನು ಹೂತುಬಿಡಿ, ನಾಯಿಗೆ ಎಸೆಯಬೇಡಿ, ನಾಳೆ ಪಂಚಾಯತಿಗೆ ಒಂದು ಅರ್ಜಿ ಬರೆಯಿರಿ. ಅವರು ಅರ್ಜಿ ಬರೆದರು. ಅದಕ್ಕೆ ಉತ್ತರ ಬರುವುದನ್ನು ಅವರೊಡನೆ ನಾವೂ ಕಾಯುತ್ತಿದ್ದೇವೆ. ಅಕ್ಕಿಕಾಳಿನಷ್ಟು ಕಂಡಾಗ ಎಚ್ಚರಗೊಳ್ಳುವ ಪ್ರಜೆಗಳಿದ್ದಾರೆ. ಕಾಣದ್ದನ್ನು ಹುಡುಕಿ ನೋಡುವ ಆಡಳಿತ ಎಂದು ಬಂದೀತು?